ಏಳನೇ ಪೈಪು ಕಟ್ಟಿದೆ

೧೯೭೦ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೇ ಕ್ಲಾಸು. ಲೆಕ್ಕದ ಮೇಷ್ಟ್ರು ಬೆತ್ತದಲ್ಲಿ ಮೀನಖಂಡಕ್ಕೆ ಬಾರಿಸುತ್ತಿದ್ದರು. ನಾಲ್ಕನೇ ಏಟಿಗೆ ಬೆತ್ತ ಕಿತ್ತುಕೊಂಡು ಮುರಿದೆ, ಮುರಿದ ತುಂಡಿನಲ್ಲೇ ಅವರಿಗೂ ಒಂದು ಕೊಟ್ಟೆ. ಅಪ್ಪ ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ತಮ್ಮ ಪರಿಚಯದ ಕಮ್ಮಾರನ ಹತ್ತಿರ ಕರೆದುಕೊಂಡು ಹೋಗಿ, "ಇವನಿಗೆ ಹೊಡಿಯಾದು ಚೆನ್ನಾಗಿ ಬತ್ತದೆ, ಕಬ್ಬಿಣಕ್ಕೆ ಹೊಡೀಲಿ ಬಿಡು," ಎಂದು ಒಪ್ಪಿಸಿ ಹೊರಟುಹೋದರು.

ನಮ್ಮದು ಕೋಲಾರದ ಚಿನ್ನದ ಗಣಿಯ ಕಡೆ. ಹದಿನೆಂಟು ತುಂಬಿದ ಮೇಲೆ ಗಣಿಗೆ ಇಳಿದೆ. ಅಲ್ಲಿನ ಕಲ್ಲು ಸುಮ್ಮನಿರುವ ಜಾತಿಯದಲ್ಲ. ಸಾವಿರಾರು ಅಡಿ ಕೆಳಗೆ, ಮೇಲಿನ ಭಾರ ತಡೆಯಲಾರದೆ, ಇದ್ದಕ್ಕಿದ್ದಂತೆ ಗುಂಡು ಹೊಡೆದ ಹಾಗೆ ಸಿಡಿಯುತ್ತಿತ್ತು. ಆದರೆ ಸಿಡಿಯುವ ಮುಂಚೆ ಮಾತಾಡುತ್ತಿತ್ತು. ಹಾರೆಯಿಂದ ಮೇಲ್ಛಾವಣಿಯನ್ನು ತಟ್ಟಿದರೆ, ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಅಲ್ಲಿಂದ ಓಡು. ಪುಸ್ತಕ ಬಿಟ್ಟವನಿಗೆ ಅದೇ ಓದಾಯಿತು. ಹದಿಮೂರು ವರ್ಷ ಕಿವಿಯಲ್ಲೇ ಓದಿದೆ. ನನ್ನ ಪಾಳಿಯಲ್ಲಿ ಯಾರೂ ಸಾಯಲಿಲ್ಲ ಎಂದು ಎಲ್ಲರ ಎದುರಿಗೂ ಹೇಳಿಕೊಳ್ಳುತ್ತಿದ್ದೆ. ಜಂಬ ಎಂದರೆ ಜಂಬ.

ಹೆಂಡತಿ ಮಂಗಳೂರಿನ ಕಡೆಯವಳು, ನರ್ಸು. ಅಮೆರಿಕದಲ್ಲಿ ಕೆಲಸ ಸಿಕ್ಕಿದ್ದು ಅವಳಿಗೆ. ನಾನು ಅವಳ ಹಿಂದೆ ಬಂದವನು. ಮೂರು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದೆ. ಆಮೇಲೆ ಸುರಂಗ ಕೆಲಸಗಾರರ ಯೂನಿಯನ್ ಕಾರ್ಡು ಸಿಕ್ಕಿತು, ಮತ್ತೆ ನೆಲದ ಕೆಳಗೆ ಹೋದೆ. ಬೇ ಏರಿಯಾಗೆ ಬಂದ ಕನ್ನಡದವರೆಲ್ಲ ಆಗ ಕಂಪ್ಯೂಟರಿನವರೇ. ಪ್ಲೆಸೆಂಟನ್ನಿನಲ್ಲಿ ಯಾರದೋ ಮನೆಯ ಹಬ್ಬದೂಟದಲ್ಲಿ ಒಬ್ಬರು ತಟ್ಟೆ ಹಿಡಿದು ಪಕ್ಕಕ್ಕೆ ಬಂದು, "ನೀವೆಲ್ಲಿ ಸಾರ್, ಸ್ಟಾರ್ಟಪ್ಪಾ?" ಎಂದರು. "ಅಪ್ ಅಲ್ಲ ಸಾರ್, ಡೌನು. ನಲವತ್ತು ಅಡಿ ಡೌನು," ಎಂದೆ. ಅವರಿಗೆ ಅರ್ಥವಾಗಲಿಲ್ಲ. ಒಳ್ಳೇ ಐಡಿಯಾ ಇರಬೇಕು ಎಂಬಂತೆ ತಲೆಯಾಡಿಸಿ ಹೋಳಿಗೆಯ ಕಡೆ ಹೋದರು.

೧೯೯೯ರಲ್ಲಿ ಕೊಲ್ಲಿಯ ದಡದ ಹತ್ತಿರ, ಫ್ರೀವೇ ಅಡಿಯಲ್ಲಿ ಹಾದುಹೋಗುವ ಒಂದು ಕೊಳಚೆ ನೀರಿನ ಸುರಂಗದ ಕೆಲಸಕ್ಕೆ ಸೇರಿದೆ. ದಿನಕ್ಕೊಂದು ಆಫೀಸು ಕಟ್ಟಡ ಏಳುತ್ತಿದ್ದ ಕಾಲ. ಅಷ್ಟು ಜನರ ಕಕ್ಕಸು ಹೋಗುವುದಕ್ಕೆ ದಾರಿ ಬೇಕಲ್ಲ. ಆದರೆ ಅಲ್ಲಿನ ನೆಲ ನೆಲವೇ ಅಲ್ಲ. ಕಪ್ಪು ಕೆಸರು, ಮೊಸರಿನಷ್ಟು ಮೆದು, ಕೊಳೆತ ಚಿಪ್ಪಿನ ವಾಸನೆ. ಅಗೆದ ಗುಂಡಿ ಕಣ್ಣೆದುರಿಗೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಉಪಾಯ, ನೆಲವನ್ನೇ ಹೆಪ್ಪುಗಟ್ಟಿಸುವುದು. ಸುರಂಗ ಬರಬೇಕಾದ ಜಾಗದ ಸುತ್ತ ಬಳೆಯ ಆಕಾರದಲ್ಲಿ ಇಪ್ಪತ್ತೆರಡು ಕಬ್ಬಿಣದ ಪೈಪುಗಳನ್ನು ಮಣ್ಣಿನೊಳಗೆ ಉದ್ದಕ್ಕೆ ತೂರಿಸುತ್ತಾರೆ. ಅವುಗಳೊಳಗೆ ಹಗಲೂ ರಾತ್ರಿ ಮೈ ಕೊರೆಯುವಷ್ಟು ತಣ್ಣನೆಯ ಉಪ್ಪುನೀರನ್ನು ಹರಿಸುತ್ತಾರೆ. ವಾರಗಟ್ಟಲೆ ಹರಿದರೆ ಪ್ರತಿ ಪೈಪಿನ ಸುತ್ತ ಮಣ್ಣು ಮಂಜುಗಡ್ಡೆಯಾಗಿ ದಪ್ಪವಾಗುತ್ತಾ ಬಂದು, ಪಕ್ಕದ್ದರ ಜೊತೆ ಕೂಡಿಕೊಂಡು ಗೋಡೆಯಾಗುತ್ತದೆ. ಆ ಗೋಡೆಯ ಒಳಗೆ ನಾವು ಅಗೆಯುವುದು.

ಹೆಪ್ಪುಗಟ್ಟಿದ ಕೆಸರು ಕಾಂಕ್ರೀಟಿಗಿಂತ ಹಟಮಾರಿ. ಗಾಳಿಯ ಒತ್ತಡದಲ್ಲಿ ಕುಟ್ಟುವ ಬ್ರೇಕರ್ ಯಂತ್ರ ಹಿಡಿದು ಒತ್ತಿದರೆ ಮೊನೆ ಜಾರಿ ಮೊಣಕಾಲಿಗೆ ಬರುತ್ತದೆ. ಸಿಡಿದ ಚೂರು ಕೆನ್ನೆ ಕೊಯ್ಯುತ್ತದೆ. ಕೈಗವಸು ಹಿಡಿಕೆಗೆ ಅಂಟಿಕೊಂಡು, ಕಿತ್ತರೆ ಚರ್ಮವೂ ಬರುತ್ತದೆ. ಇಷ್ಟೆಲ್ಲ ಗಟ್ಟಿಯಾದರೂ ನಂಬುವ ಹಾಗಿಲ್ಲ. ಕಲ್ಲಿನ ಹಾಗೆ ಅದು ಮಾತಾಡುವುದಿಲ್ಲ, ತೆವಳುತ್ತದೆ. ಎರಡು ಗೋಡೆಗೆ ಎರಡು ಮೊಳೆ ಹೊಡೆದು ನಡುವೆ ಟೇಪು ಹಿಡಿದು ಅಳೆಯುತ್ತಿದ್ದೆವು. ಊಟಕ್ಕೆ ಮುಂಚೆ ಅಳೆದದ್ದಕ್ಕೂ ಊಟದ ನಂತರ ಅಳೆದದ್ದಕ್ಕೂ ಅಕ್ಕಿಕಾಳಿನಷ್ಟು ವ್ಯತ್ಯಾಸ. ಯಾರೋ ಹಿಂದಿನಿಂದ ಗಂಟಲಿಗೆ ಕೈ ಹಾಕಿ ಅವಸರವಿಲ್ಲದೆ ಹಿಚುಕುತ್ತಿರುವ ಹಾಗೆ. ಆದ್ದರಿಂದ ನಾಲ್ಕು ಅಡಿ ಅಗೆದರೆ ಅದೇ ಪಾಳಿಯಲ್ಲಿ ಕಬ್ಬಿಣದ ಕಮಾನು ನಿಲ್ಲಿಸಿ ಹಲಗೆ ತುಂಬಲೇಬೇಕು. ಬರಿ ಗೋಡೆ ಬಿಟ್ಟು ಮನೆಗೆ ಹೋಗುವ ಹಾಗಿಲ್ಲ.

ಆ ಗುಂಪಿನಲ್ಲಿ ಅಗೆಯುವವರ ಮುಖ್ಯಸ್ಥ ನಾನು. ನನ್ನ ಜೊತೆಗಾರ ಮೆಕ್ಸಿಕೊದ ಬೆಳ್ಳಿ ಗಣಿಗಳ ಕಡೆಯವನು, ಎಮ್ಮೆಯಂಥ ಹೆಗಲು. ಇಬ್ಬರದೂ ಹರಕು ಇಂಗ್ಲಿಷು, ಬೈಗುಳ ಮಾತ್ರ ಮೂರು ಭಾಷೆಯದು. ದಿನಕ್ಕೆ ಒಮ್ಮೆಯಾದರೂ ನೂಕಾಡುತ್ತಿದ್ದೆವು. ಒಮ್ಮೆ ಅವನು ನನ್ನನ್ನು ಕೆಸರಿನ ಟ್ರಾಲಿಗೆ ಎತ್ತಿಹಾಕಿದ್ದ. ಊಟದ ಡಬ್ಬಿ ಮಾತ್ರ ಒಟ್ಟಿಗೇ ತೆರೆಯುತ್ತಿದ್ದೆವು.

ಮೇಲೆ ಆಫೀಸು ಮಾಡಿಕೊಂಡಿದ್ದ ಟ್ರೈಲರಿನಲ್ಲಿ ಕೂತು ಪೈಪುಗಳ ಉಷ್ಣತೆ ನೋಡುತ್ತಿದ್ದವನು ಬೆಂಗಳೂರಿನ ಒಬ್ಬ ಇಂಜಿನಿಯರು. ಮೂವತ್ತರ ಸುಮಾರು, ನುಣ್ಣನೆಯ ಮಾತು. ದಿನಾ ಬೆಳಿಗ್ಗೆ ಸುರಂಗದ ಫೋನಿನಲ್ಲಿ ಯಾವ ಪೈಪಿನ ಸುತ್ತ ಗೋಡೆ ತಯಾರಾಗಿದೆ ಎಂದು ಅವನು ಹೇಳಬೇಕು, ನಾನು ಕೇಳಿಕೊಂಡು ಅಗೆಸಬೇಕು. ಆ ಫೋನು ಪೆಟ್ಟಿಗೆಯಂಥದ್ದು, ಮಾತು ಎಲ್ಲರಿಗೂ ಕೇಳುತ್ತದೆ. ಮೊದಲ ವಾರ ನಾನು, "ಹನ್ನೊಂದು ಫ್ರೀಜ್ಡಾ?" ಎಂದು ಕೇಳಿದೆ.

"ಫ್ರೋಜನ್, ಅಂಕಲ್," ಎಂದ ಅವನು.

ಪಾಪ, ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಸುರಂಗದಲ್ಲಿ ಎಂಟು ಜನ ಬಿದ್ದು ಬಿದ್ದು ನಕ್ಕರು. ಅಂದಿನಿಂದ ನನ್ನ ಹೆಸರೇ ಫ್ರೀಜ್ಡ್ ಆಯಿತು. "ಫ್ರೀಜ್ಡ್, ಹಾರೆ ಕೊಡು." "ಫ್ರೀಜ್ಡ್ ಸಾಹೇಬರು ಉಚ್ಚೆಗೆ ಹೋಗಿದ್ದಾರೆ." ಜೊತೆಗಾರನಂತೂ ನನ್ನ ಹೆಲ್ಮೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಅದನ್ನೇ ಬರೆದ. ಸಂಜೆ ಪಾಳಿ ಮುಗಿಸಿ ಸೀದಾ ಟ್ರೈಲರಿಗೆ ನುಗ್ಗಿ ಇಂಜಿನಿಯರನ ಮೇಜಿಗೆ ಗುದ್ದಿದೆ.

"ನಾನು ನಿಮ್ಮ ಅಂಕಲ್ಲೂ ಅಲ್ಲ, ನೀವು ನನ್ನ ಮೇಷ್ಟ್ರೂ ಅಲ್ಲ. ಕನ್ನಡ ಬತ್ತದೆ ತಾನೆ?"

"ಬರುತ್ತೆ ಅಂಕ... ಬರುತ್ತೆ ಸರ್."

"ಹಂಗಾದ್ರೆ ನಾಳೆಯಿಂದ ಫೋನಲ್ಲಿ ಕನ್ನಡದಲ್ಲೇ ಹೇಳಬೇಕು. ಹೆಪ್ಪುಗಟ್ಟಿದ್ರೆ ಹೆಪ್ಪುಗಟ್ಟಿದೆ, ಇಲ್ಲಾಂದ್ರೆ ಇಲ್ಲ. ಒಂದು ಇಂಗ್ಲಿಷ್ ಪದ ಬಂದ್ರೂ ಕಾಲು ಮುರೀತೀನಿ."

ಅವನು ನಗಲಿಲ್ಲ. ಮಾರನೆಯ ದಿನದಿಂದ ಕನ್ನಡ ಶುರುವಾಯಿತು. "ಒಂಬತ್ತು ಹೆಪ್ಪುಗಟ್ಟಿದೆ, ಹತ್ತು ಹೆಪ್ಪುಗಟ್ಟಿದೆ, ಏಳು ಇನ್ನೂ ಇಲ್ಲ." ಉಳಿದವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನನಗೆ ಖುಷಿಯೋ ಖುಷಿ. ಶಿಫ್ಟ್ ಬಾಸು ಒಮ್ಮೆ, "ಅದೇನು ಗುಬ್ಬಿ ಭಾಷೆ, ನನಗೂ ತಿಳಿಯೋ ಹಾಗೆ ಹೇಳಿ," ಎಂದ. ಅವನು ಕೆಂಪು ಗಡ್ಡದ ಆಸಾಮಿ, ಮೂವತ್ತು ವರ್ಷ ಸುರಂಗ ನೋಡಿದವನು. "ತಿಳಿಯಬೇಕಾದವನಿಗೆ ತಿಳಿದರೆ ಸಾಕು," ಎಂದೆ.

ಏಳನೇ ಪೈಪು ಎಡಗಡೆ ಕೆಳಮೂಲೆಯದು. ಅದರ ಸಮೀಪ ಹಳೆಯ ಮಳೆನೀರಿನ ಮೋರಿ ಹಾದುಹೋಗಿತ್ತು, ಹರಿಯುವ ನೀರು ಸುತ್ತಲ ಮಣ್ಣನ್ನು ತಣ್ಣಗಾಗಲು ಬಿಡುವುದಿಲ್ಲ. ಜೊತೆಗೆ ಕೊಲ್ಲಿಯ ಮಣ್ಣಿನ ಉಪ್ಪು. ಉಪ್ಪು ಮಣ್ಣು ಬೇಗ ಹೆಪ್ಪುಗಟ್ಟುವುದಿಲ್ಲ. ಉಳಿದ ಪೈಪುಗಳೆಲ್ಲ ತಯಾರಾದರೂ ಏಳು ಆಗಲಿಲ್ಲ. ಗುರುವಾರ ಅಗೆತ ನಿಲ್ಲಿಸಿ ಕಾದೆವು, ಶುಕ್ರವಾರವೂ ಕಾದೆವು. ಬಾಸು ಬಂದು ಬಂದು, "ನಿನ್ನ ಏಳು ಏನು ಹೇಳುತ್ತೆ?" ಎಂದು ಕೇಳುತ್ತಿದ್ದ. ನಾನು ಕಾಯುತ್ತಿದ್ದದ್ದು ಹೆಪ್ಪುಗಟ್ಟಿದೆ ಎಂಬ ಒಂದೇ ಮಾತಿಗೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಹಿಂದುಗಡೆ ಗಾಳಿಯ ಕಂಪ್ರೆಸರ್ ಅರಚುತ್ತಿತ್ತು.

"ಸರ್, ಕೇಳಿಸ್ತಿದ್ಯಾ? ಏಳು ಕಟ್ಟಿದೆ."

"ಏಳಾ?"

"ಹೂಂ, ಏಳೇ. ಪೂರ್ತಿ ಕಟ್ಟಿದೆ. ಬಾಸ್‌ಗೂ ಹೇಳ್ತೀನಿ, ಎಲ್ಲಿದಾರೆ?"

"ನಾನು ನೋಡ್ಕೊತೀನಿ ಬಿಡಿ," ಎಂದು ಫೋನು ಇಟ್ಟೆ. ಯಾವಾಗಲೂ ಮೊದಲು ಇಡುವವನು ನಾನೇ.

ಹಾರೆ ತೆಗೆದುಕೊಂಡು ಎಡಗಡೆಯ ಕೆಳಮೂಲೆಯನ್ನು ತಟ್ಟಿದೆ. ಟಣ್ ಎಂದಿತು. ಇನ್ನೇನು ಬೇಕು. "ಏಳು ತಯಾರು, ಹೊಡೀರಿ," ಎಂದೆ. ಆ ಟಣ್ ಒಂದು ಗೇಣು ದಪ್ಪದ ಹೊರಪದರದ್ದು, ಅದರ ಹಿಂದೆ ಹಸಿ ಕೆಸರು ಎದೆಕೊಟ್ಟು ನಿಂತಿದೆ ಎಂದು ಕೋಲಾರದ ಕಲ್ಲು ನನಗೆ ಕಲಿಸಿರಲಿಲ್ಲ.

ಜೊತೆಗಾರ ಮೂಲೆಗೆ ಬ್ರೇಕರ್ ಇಟ್ಟ. ನಾನು ಅವನ ಬಲಗಡೆ, ಎರಡು ಮಾರು ದೂರ. ಕಾಲು ಗಂಟೆ ಆಗಿರಬೇಕು. ಅವನು ಯಂತ್ರ ನಿಲ್ಲಿಸಿ, ಗವಸು ತೆಗೆದು ಗೋಡೆ ಮುಟ್ಟಿದ.

"ಇದು ಬೆವರುತ್ತಿದೆ."

"ನಿನ್ನ ಬೆವರೇ ಅದು. ಭಾನುವಾರದ ಬಿಯರು."

"ನಿಜವಾಗಿ ಹೇಳುತ್ತಿದ್ದೇನೆ, ಫ್ರೀಜ್ಡ್. ಒದ್ದೆ ಇದೆ."

"ಹೆದರಿಕೆ ಆದರೆ ಹೇಳು, ಜಾಗ ಬದಲಾಯಿಸೋಣ."

ಗಂಡಸಿಗೆ ಅಂಥ ಮಾತು ಹೇಳಿದ ಮೇಲೆ ಅವನು ಏನು ಮಾಡುತ್ತಾನೆ? ನನ್ನ ಅಮ್ಮನಿಗೆ ಸಂಬಂಧಪಟ್ಟ ಏನನ್ನೋ ಅವನ ಭಾಷೆಯಲ್ಲಿ ಅಂದು, ಎರಡು ಕೈಯಲ್ಲೂ ಬ್ರೇಕರ್ ಒತ್ತಿದ.

ಮೊದಲು ಮುಷ್ಟಿಯಷ್ಟು ತೂತು. ಅದರಿಂದ ಕಪ್ಪು ನೀರು ಕೋಲಿನ ಹಾಗೆ ನೇರ ಬಂದು ಅವನ ಎದೆಗೆ ಬಡಿಯಿತು. ಅವನು ಹಿಂದಕ್ಕೆ ಬಿದ್ದ. ಏಳುವಷ್ಟರಲ್ಲಿ ಬಾಗಿಲಿನಷ್ಟು ಅಗಲದ ಹೆಪ್ಪುಮಣ್ಣಿನ ಚಪ್ಪಡಿ ಗೋಡೆಯಿಂದ ಒದ್ದ ಹಾಗೆ ಹೊರಗೆ ಹಾರಿ, ಅವನ ಎಡತೊಡೆಯನ್ನು ಕಮಾನಿಗೆ ಜಜ್ಜಿ ನಿಂತಿತು. ಹಿಂದಿನಿಂದ ಕೆಸರು. ಹರಿದು ಬರಲಿಲ್ಲ ಅದು, ನುಗ್ಗಿತು. ಹಲಗೆಗಳು ಒಂದೊಂದೇ ಕಿತ್ತು ಬಂದು ಗೋಡೆಗೆ ಬಡಿದವು. ದೀಪದ ಸಾಲು ಹರಿಯಿತು. ಉಳಿದವರು ಮೇಲೆ ಹತ್ತುವ ಶಾಫ್ಟಿನ ಕಡೆ ಓಡಿದರು. ಓಡಲೇಬೇಕು, ಅದೇ ನಿಯಮ.

ನಿಯಮ ಇನ್ನೂ ಒಂದಿತ್ತು. ಶಾಫ್ಟಿಗೂ ನಮಗೂ ನಡುವೆ, ಹದಿನೈದು ಮಾರು ಹಿಂದೆ, ಆಚೆಯಿಂದ ಚಕ್ರ ತಿರುಗಿಸಿ ಮುಚ್ಚುವ ಕಬ್ಬಿಣದ ಬಾಗಿಲು. ನೆಲ ಒಳಗೆ ಬಂದರೆ ಅದನ್ನು ಮುಚ್ಚಬೇಕು. ಮುಚ್ಚದಿದ್ದರೆ ಮೇಲಿನ ಮಣ್ಣೆಲ್ಲ ಸುರಂಗಕ್ಕೆ ಇಳಿದು, ಫ್ರೀವೇ ಕುಸಿದು, ಓಡುತ್ತಿರುವ ಕಾರುಗಳು ಒಳಗೆ ಬೀಳುತ್ತವೆ. ಒಳಗೆ ಯಾರಿದ್ದಾರೆ ಎಂದು ಎಣಿಸುತ್ತಾ ಕೂರುವ ಹಾಗಿಲ್ಲ. ನಿಯಮ ಸರಿಯಾದದ್ದೇ ಎಂದು ಇವತ್ತೂ ಹೇಳುತ್ತೇನೆ. "ಬಾಗಿಲು," ಎಂದು ಬಾಸು ಕೂಗಿದ್ದು ಕೇಳಿಸಿತು.

ಕೆಸರು ಮೊಣಕಾಲಿಗೆ ಬಂದಿತ್ತು. ಚಪ್ಪಡಿಯ ಅಡಿಗೆ ಹಾರೆ ಹಾಕಿ ನನ್ನ ಭಾರವೆಲ್ಲ ಬಿಟ್ಟೆ. ಚಪ್ಪಡಿ ಅಲುಗಿತು, ಅದರ ಜೊತೆ ಅವನ ತೊಡೆಯ ಮೂಳೆಯೂ ಅಲುಗಿದ ಸದ್ದು ಕಿವಿಗೆ ಬಂತು. ಅವನು ನನ್ನ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಹೊಡೆದ. ಮತ್ತೆ ಒತ್ತಿದೆ. ಅವನು ಮತ್ತೆ ಹೊಡೆದ. ಮೂರನೇ ಸಲ ಕಾಲು ಬಿಟ್ಟಿತು. ಕಂಕುಳಿಗೆ ಕೈ ಹಾಕಿ ಮೂಟೆಯ ಹಾಗೆ ಎಳೆದೆ. ಅವನ ಪಾದ ಹಿಂದುಮುಂದಾಗಿ ತಿರುಗಿಕೊಂಡು ನಮ್ಮ ಹಿಂದೆ ಬರುತ್ತಿತ್ತು. ಅವನು ಅರಚುತ್ತಿದ್ದ, ಅರಚುತ್ತಿರುವವರೆಗೆ ಬದುಕಿದ್ದಾನೆ ಎಂದುಕೊಂಡು ಎಳೆದೆ.

ಬಾಗಿಲ ಹತ್ತಿರ ಬಂದಾಗ ಉಳಿದಿದ್ದದ್ದು ಅಂಗೈ ಅಗಲದ ಸಂದು. ಆಚೆ ಕತ್ತಲು, ಚಕ್ರ ತಿರುಗಿಸುವ ಸದ್ದು. ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಎಡಗೈಯನ್ನು ಸಂದಿಗೆ ಇಟ್ಟೆ. ಬಾಗಿಲು ಇನ್ನೊಂದು ಸುತ್ತು ಬಂತು. ಕಿರುಬೆರಳು, ಉಂಗುರದ ಬೆರಳು ಎರಡೂ ಕಡಲೆಕಾಯಿ ಸಿಪ್ಪೆ ಒಡೆದ ಹಾಗೆ ಸದ್ದು ಮಾಡಿದವು. ಆಗ ನಾನು ಕೂಗಿದ್ದು ಮಾತ್ರ ಅವರಿಗೆ ಕೇಳಿಸಿತು. ಚಕ್ರ ಹಿಂದಕ್ಕೆ ತಿರುಗಿತು, ಒಂದೂವರೆ ಅಡಿ ಸಂದಾಯಿತು. ಅವನನ್ನು ಮೊದಲು ತಳ್ಳಿದೆ, ಆಮೇಲೆ ನಾನು ಬಿದ್ದೆ.

ಎದ್ದವನೇ ಬಲಗೈಯಲ್ಲಿ ಬಾಸಿನ ಮೂಗಿಗೆ ಹೊಡೆದೆ. ರಕ್ತ ಗಡ್ಡಕ್ಕೆ ಇಳಿಯಿತು. ಅವನು ನನ್ನ ಕಡೆ ನೋಡಲೂ ಇಲ್ಲ. ಸುರಿಯುವ ಮೂಗಿನಲ್ಲೇ ಚಕ್ರಕ್ಕೆ ಜೋತುಬಿದ್ದು ಬಾಗಿಲು ಬಿಗಿ ಮಾಡಿದ. ಮೇಲೆ ಫ್ರೀವೇಯ ಒಂದು ಪಟ್ಟಿ ರಸ್ತೆ ಒಂದು ಗೇಣು ಕೆಳಕ್ಕೆ ಕುಸಿಯಿತಂತೆ. ಯಾರೂ ಸಾಯಲಿಲ್ಲ.

ಆಸ್ಪತ್ರೆಯಲ್ಲಿ ಆ ಎರಡು ಬೆರಳು ತೆಗೆದು ಕೈಗೆ ಹೊಲಿಗೆ ಹಾಕುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಆ ಇಂಜಿನಿಯರನನ್ನು ಕೊಲ್ಲಬೇಕು. ಗೋಡೆ ಕಟ್ಟಿದೆ ಎಂದು ಹೇಳಿದವನು ಅವನು. ಪೂರ್ತಿ ಕಟ್ಟಿದೆ ಎಂದ. ಈಗ ಅವನು ಎಲ್ಲರ ಮುಂದೆ, ಪೈಪು ಬ್ಲಾಕ್ ಆಗಿದೆ, ಕೆಲಸ ನಿಲ್ಲಿಸಿ ಎಂಬ ಅರ್ಥದಲ್ಲಿಯೇ ಹೇಳಿದ್ದೆ ಎನ್ನುತ್ತಿದ್ದಾನಂತೆ. ಶನಿವಾರದಿಂದಲೇ ಏಳರಲ್ಲಿ ಉಪ್ಪುನೀರು ಹರಿಯುವುದು ನಿಂತಿತ್ತಂತೆ. ಸುಳ್ಳ. ಮೂರು ದಿನದ ನಂತರ ವಿಚಾರಣೆ. ಅಲ್ಲಿ ಅವನ ಸುಳ್ಳನ್ನು ಬಾಯಿಂದ ಕಕ್ಕಿಸಿ, ಆಮೇಲೆ ಪಾರ್ಕಿಂಗಿನಲ್ಲಿ ಹಲ್ಲು ಉದುರಿಸುವುದೆಂದು ತೀರ್ಮಾನಿಸಿದೆ. ಹೆಂಡತಿಗೂ ಹೇಳಿದೆ. "ಎಂತ ಬೇಕಾದ್ರೂ ಮಾಡಿ, ಆ ಕೈ ಒದ್ದೆ ಮಾಡ್ಬೇಡಿ," ಎಂದಳು.

ವಿಚಾರಣೆಯ ದಿನ ಬೆಳಿಗ್ಗೆ ಮಗಳಿಗೆ ಶಾಲೆಗೆ ಹೊರಡುವ ಹೊತ್ತು. ಅವಳಿಗೆ ಎಂಟು ವರ್ಷ, ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಬಾಯಿ ತೆರೆದುಕೊಂಡು ಉಸಿರಾಡುತ್ತಿದ್ದಳು. ಹೆಂಡತಿ ಅಡುಗೆಮನೆಯಿಂದಲೇ, "ಇವತ್ತು ಇವಳನ್ನು ಕಳಿಸುದು ಬೇಡ, ಮೂಗು ಪೂರ್ತಿ ಕಟ್ಟಿದೆ," ಎಂದಳು.

ಕಾಫಿ ಲೋಟ ಕೆಳಗಿಟ್ಟೆ.

"ಏನಂದೆ?"

"ಮೂಗು ಕಟ್ಟಿದೆ ಅಂದೆ. ಎಂತ ಮಾರಾಯ್ರೆ, ಹಾಗೆ ನೋಡ್ತೀರಿ?"

ಮೂಗು ಕಟ್ಟುತ್ತದೆ. ಮೋರಿ ಕಟ್ಟುತ್ತದೆ. ನಲ್ಲಿ ಕಟ್ಟುತ್ತದೆ. ನೀರು ಹೋಗದಿದ್ದರೆ ಬೆಂಗಳೂರಿನ ಯಾವ ಮನೆಯವರಾದರೂ ಸಿಂಕು ಕಟ್ಟಿದೆ ಎಂದೇ ಹೇಳುವುದು. ನಾನೂ ಹೇಳುತ್ತೇನೆ. ಇಂಗ್ಲಿಷ್ ಬಂದರೆ ಕಾಲು ಮುರಿಯುತ್ತೇನೆ ಎಂದಿದ್ದೆನಲ್ಲ, ಅವನು ಬ್ಲಾಕ್ ಎನ್ನುವುದಕ್ಕೆ ಕನ್ನಡ ಹುಡುಕಿ ಸರಿಯಾದ ಪದವನ್ನೇ ಹೇಳಿದ್ದ. ನಾಲ್ಕು ದಿನದಿಂದ ಹೆಪ್ಪುಗಟ್ಟಿದೆ ಎಂಬುದನ್ನು ಕೇಳಲು ಕಾದಿದ್ದ ನನ್ನ ಕಿವಿ, ಹೆಪ್ಪು ಎಂಬುದನ್ನು ಕಂಪ್ರೆಸರ್ ನುಂಗಿತು ಎಂದುಕೊಂಡು ಉಳಿದರ್ಧವನ್ನು ಹಿಡಿದುಕೊಂಡಿತ್ತು.

ಆಗ ನನಗೆ ಬಂದ ಸಿಟ್ಟಿಗೆ ಹೊಡೆಯಲು ಯಾರೂ ಇರಲಿಲ್ಲ. ಗೋಡೆಗೆ ಹೊಡೆದೆ. ಅಮೆರಿಕದ ಗೋಡೆ, ರಟ್ಟಿನದು, ತೂತಾಯಿತು.

ವಿಚಾರಣೆ ಟ್ರೈಲರಿನಲ್ಲೇ ನಡೆಯಿತು. ಸುರಕ್ಷತಾ ಇಲಾಖೆಯ ಅಧಿಕಾರಿ, ಮೂಗಿಗೆ ಪಟ್ಟಿ ಹಾಕಿಕೊಂಡ ಬಾಸು, ಯೂನಿಯನ್ನಿನ ಒಬ್ಬರು, ಇಂಜಿನಿಯರು. ಅವನ ಮುಖದಲ್ಲಿ ಜೀವ ಇರಲಿಲ್ಲ. ಈ ಕೆಲಸ ಹೋದರೆ ವೀಸಾ ಹೋಗುತ್ತದೆ, ದೇಶ ಬಿಡಬೇಕು. ಬಾಸು, "ಇಬ್ಬರೂ ಅವರವರ ಭಾಷೆಯಲ್ಲಿ ಏನೋ ಕಿಚಿಪಿಚಿ ಅನ್ನುತ್ತಿದ್ದರು, ಏನೆಂದು ದೇವರಿಗೇ ಗೊತ್ತು," ಎಂದ. ಯೂನಿಯನ್ನಿನವನು ನನ್ನ ಕಿವಿಯಲ್ಲಿ, "ಅವನು ಗೋಡೆ ಗಟ್ಟಿಯಾಗಿದೆ ಅಂದ ಎಂದು ಹೇಳು, ಇಲ್ಲಿ ಆ ಭಾಷೆ ಬೇರೆ ಯಾರಿಗೂ ಬರಲ್ಲ," ಎಂದು ಪಿಸುಗುಟ್ಟಿದ.

ನಿಜ, ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಅವನು ಹೇಳಿದ ಪದಕ್ಕೆ ಎರಡು ಅರ್ಥ," ಎಂದೆ. "ಅವನು ಹೇಳಿದ್ದು ಪೈಪು ಮುಚ್ಚಿಕೊಂಡಿದೆ ಎಂದು. ನಾನು ಕೇಳಿಸಿಕೊಂಡದ್ದು ಗೋಡೆ ಹೆಪ್ಪುಗಟ್ಟಿದೆ ಎಂದು. ತಿರುಗಿ ಕೇಳಬೇಕಿತ್ತು, ಕೇಳಲಿಲ್ಲ. ಆ ಭಾಷೆಯಲ್ಲೇ ಮಾತಾಡು ಎಂದು ಹೆದರಿಸಿದ್ದೂ ನಾನೇ. ಗೋಡೆ ಒದ್ದೆ ಇದೆ ಎಂದು ಜೊತೆಗಾರ ಹೇಳಿದ್ದ, ಅವನನ್ನು ಹೆದರುಪುಕ್ಕಲ ಎಂದೆ."

ಇಂಗ್ಲಿಷಿನಲ್ಲೇ ಹೇಳಿದೆ, ಹರಕು ಮುರುಕಾಗಿ. ಯಾರೂ ತಿದ್ದಲಿಲ್ಲ. ಹೊರಗೆ ಬಂದಾಗ ಇಂಜಿನಿಯರು ಹಿಂದೆಯೇ ಬಂದ. "ಸರ್, ನಾನು ನಿಲ್ಸಿ ಅಂತ ಒಂದು ಮಾತು ಹೇಳ್ಬೇಕಿತ್ತು." "ಹೇಳಬೇಕಿತ್ತು," ಎಂದೆ. ಅವನ ಕೆಲಸ ಉಳಿಯಿತು. ನನ್ನನ್ನು ಸುರಂಗದಿಂದ ತೆಗೆದು, ಮೇಲೆ ಸಾಮಾನಿನ ಅಂಗಳದಲ್ಲಿ ಹಲಗೆ ಎಣಿಸುವ ಕೆಲಸಕ್ಕೆ ಹಾಕಿದರು. ಫೋನಿನ ಪಕ್ಕದಲ್ಲಿ ಇಂಗ್ಲಿಷ್ ಮಾತ್ರ ಎಂದು ಚೀಟಿ ಅಂಟಿತು. ಮತ್ತೆ ನೆಲದ ಕೆಳಗೆ ನನ್ನನ್ನು ಯಾರೂ ಕರೆಯಲಿಲ್ಲ.

ಉಳಿದದ್ದು ಜೊತೆಗಾರನಿಗೆ ಹೇಳುವುದು. ಅವನ ಕಾಲು ಉಳಿಯುತ್ತದೋ ಇಲ್ಲವೋ ಎಂದು ಎರಡು ವಾರ ಡಾಕ್ಟರು ಹೇಳಿರಲಿಲ್ಲ. ಉಳಿಯುತ್ತದೆ ಎಂದ ದಿನ ಹೋದೆ. ಕಾಲನ್ನು ತಂತಿ, ತೂಕ ಕಟ್ಟಿ ಮೇಲೆತ್ತಿದ್ದರು. ಮಂಚದ ಪಕ್ಕ ನಿಂತು ಎಲ್ಲ ಹೇಳಿದೆ. ಒಂದು ಪದ, ಎರಡು ಅರ್ಥ, ನಾನು ತಪ್ಪಾಗಿ ಕೇಳಿದ್ದು. ಅವನು ಮೇಲಿನ ಸೂರು ನೋಡುತ್ತಾ ಕೇಳಿದ.

"ಹತ್ತಿರ ಬಾ, ಸರಿಯಾಗಿ ಕೇಳಿಸಲಿಲ್ಲ," ಎಂದ.

ಬಗ್ಗಿದೆ. ಮಲಗಿದ್ದವನು ಅಷ್ಟು ಜೋರಾಗಿ ಹೊಡೆಯಬಲ್ಲ ಎಂದು ನಾನು ಎಣಿಸಿರಲಿಲ್ಲ. ಮುಂದಿನ ಹಲ್ಲು ನಾಲಿಗೆಯ ಮೇಲೆ ಬಂತು. ತೂಕಗಳು ಅಲ್ಲಾಡಿ ಅವನೂ ನೋವಿಗೆ ಕಿರುಚಿದ. ನರ್ಸು ಓಡಿ ಬಂದು ನನ್ನನ್ನು ಹೊರಗೆ ಹಾಕಲು ನೋಡಿದಳು.

"ಬಿಡಿ, ಇರಲಿ," ಎಂದ ಅವನು. ಆಮೇಲೆ ನನಗೆ, "ಕುರ್ಚಿ ಅಲ್ಲಿದೆ, ಕೂತುಕೋ."

ಕರವಸ್ತ್ರಕ್ಕೆ ರಕ್ತ ಉಗುಳುತ್ತಾ ಸಂಜೆ ಆರರವರೆಗೆ ಕೂತಿದ್ದೆ. ಮುಂದಿನ ವಾರ ಹೋದಾಗ ಕುರ್ಚಿ ಮಂಚದ ಹತ್ತಿರ ಎಳೆದಿಟ್ಟಿತ್ತು.

ಈಗ ನನ್ನ ಬಳಿ ಇರುವುದು ಇಷ್ಟು. ಇಲ್ಲೇ ಕೊಲ್ಲಿಯ ದಡದ ನೆವಾರ್ಕಿನಲ್ಲಿ ಎರಡು ಬೆಡ್‌ರೂಮಿನ ಒಂದು ಮನೆ. ಒಬ್ಬಳು ಹೆಂಡತಿ, ಒಬ್ಬಳು ಮಗಳು. ಎಂಟು ಬೆರಳು, ಮೂವತ್ತೊಂದು ಹಲ್ಲು. ಭಾನುವಾರಗಳಲ್ಲಿ ಎಡಗಾಲು ಎಳೆಯುತ್ತಾ ಬಂದು ಊಟ ಮಾಡಿ ಹೋಗುವ ಒಬ್ಬ ಮನುಷ್ಯ.